ಹೆಸರು ಬೇರೆ, ಅದರ ಬೆಲೆ ಬೇರೆ: ಲಿಸ್ಪ್‌ನಲ್ಲಿ ಸಿಂಬಲ್ ಅಂದರೇನು?

ಈಮ್ಯಾಕ್ಸ್ ಎಡಿಟರ್ ಬಳಸುವ ಎಷ್ಟೋ ಮಂದಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವರಲ್ಲ. ಆದರೂ ಅದರ ಸೆಟ್ಟಿಂಗ್ ಫೈಲ್ ಇರುವುದೇ ಲಿಸ್ಪ್‌ನಲ್ಲಿ. ಆಟೊಕ್ಯಾಡ್‌ನಲ್ಲಿ ನಕ್ಷೆ ಬರೆಯುವವರಿಗೂ ಆಟೊಲಿಸ್ಪ್ ರೂಪದಲ್ಲಿ ಇದೇ ಮನೆತನದ ಭಾಷೆ ಎದುರಾಗುತ್ತದೆ. ಎಲ್ಲಿಂದಲೋ ನಾಲ್ಕು ಸಾಲು ತಂದು ಅಂಟಿಸುತ್ತೇವೆ, ಕೆಲಸ ನಡೆಯುತ್ತದೆ. ಒಂದು ದಿನ ನಾವೇ ಒಂದು ಸಾಲು ಬರೆಯಲು ಹೊರಟಾಗ ತೊಡಕು ಶುರುವಾಗುತ್ತದೆ.

ಈಮ್ಯಾಕ್ಸ್‌ನಲ್ಲಿ ಹೀಗೆ ಬರೆದಿರಿ ಅಂದುಕೊಳ್ಳಿ:

(ಡಿಫನ್ ನನ್ನ-ಸೆಟ್ಟಿಂಗ್ ()
  (ಸೆಟ್‌ಕ್ಯೂ ಫಿಲ್-ಕಾಲಮ್ 72))

(ಆಡ್-ಹುಕ್ 'ಟೆಕ್ಸ್ಟ್-ಮೋಡ್-ಹುಕ್ ನನ್ನ-ಸೆಟ್ಟಿಂಗ್)

ಮೊದಲ ತುಣುಕು ಒಂದು ಫಂಕ್ಷನ್ ಕಟ್ಟುತ್ತದೆ. ಎರಡನೆಯದು, ಬರಹದ ಫೈಲ್ ತೆರೆದಾಗಲೆಲ್ಲ ಆ ಫಂಕ್ಷನ್ ಓಡಲಿ ಎಂದು ಹೇಳಲು ಬರೆದದ್ದು. ಆದರೆ ಈಮ್ಯಾಕ್ಸ್ ಒಪ್ಪುವುದಿಲ್ಲ. ‘ನನ್ನ-ಸೆಟ್ಟಿಂಗ್’ ಎಂಬ ಸಿಂಬಲ್‌ಗೆ ವೇರಿಯಬಲ್ ಆಗಿ ಬೆಲೆಯೇ ಇಲ್ಲ ಎಂದು ದೂರುತ್ತದೆ. ಅರೆ, ಈಗ ತಾನೇ ಮೇಲೆ ಬರೆದೆವಲ್ಲ! ಹೆಸರಿನ ಮುಂದೆ ಒಂದು ಪುಟ್ಟ ಗೆರೆ ಇಟ್ಟು 'ನನ್ನ-ಸೆಟ್ಟಿಂಗ್ ಎಂದು ಬರೆದರೆ ಎಲ್ಲವೂ ಸರಿಹೋಗುತ್ತದೆ. ಆ ಗೆರೆ ಏನು ಮಾಡಿತು? ಅದು ಗೊತ್ತಾದರೆ ಲಿಸ್ಪ್‌ನ ಅರ್ಧ ಗೊಂದಲ ತಾನಾಗಿಯೇ ಕರಗುತ್ತದೆ.

ಬರವಣಿಗೆಯ ಬಗ್ಗೆ ಒಂದು ಮಾತು. ಇಲ್ಲಿ ಲಿಸ್ಪ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಯಂತ್ರದಲ್ಲಿ ಟೈಪ್ ಮಾಡುವಾಗ ಸೆಟ್‌ಕ್ಯೂ, ಡಿಫನ್, ಲಿಸ್ಟ್ ಮುಂತಾದ ಭಾಷೆಯ ಸ್ವಂತ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಬೇಕು. ನಾವೇ ಇಡುವ ‘ಉದ್ದ’, ‘ಅಗಲ’ದಂಥ ಹೆಸರುಗಳನ್ನು ಮಾತ್ರ ನಿಜವಾಗಿಯೂ ಕನ್ನಡದಲ್ಲಿ ಇಡಬಹುದು. ಕಾಮನ್ ಲಿಸ್ಪ್ ಎಂಬ ಲಿಸ್ಪ್ ಪ್ರಭೇದವನ್ನು ಓಡಿಸುವ ಎಸ್‌ಬಿಸಿಎಲ್ ಆಗಲಿ, ಈಮ್ಯಾಕ್ಸ್ ಆಗಲಿ ಅದಕ್ಕೆ ತಕರಾರು ಮಾಡುವುದಿಲ್ಲ. ಇನ್ನು ‘ಬೆಲೆ’ ಅನ್ನುವ ಪದ. ಗಣಿತದ ಪುಸ್ತಕದಲ್ಲಿ ‘ಎಕ್ಸ್‌ನ ಬೆಲೆ ಕಂಡುಹಿಡಿಯಿರಿ’ ಅಂತಿರುತ್ತದಲ್ವಾ, ಅದೇ ಅರ್ಥದಲ್ಲಿ ಬಳಸುತ್ತಿದ್ದೇನೆ.

‘ಎಂಬ’ ಅನ್ನುವ ಪುಟ್ಟ ಪದ

ಈ ಎರಡು ವಾಕ್ಯ ನೋಡಿ.

ನದಿ ತುಂಬಿ ಹರಿಯುತ್ತಿದೆ.
ನದಿ ಎಂಬುದರಲ್ಲಿ ಎರಡು ಅಕ್ಷರಗಳಿವೆ.

ಮೊದಲನೆಯದರಲ್ಲಿ ‘ನದಿ’ ಅಂದ ಕೂಡಲೇ ನಮ್ಮ ಮನಸ್ಸು ಪದವನ್ನು ದಾಟಿ ನೀರಿನ ಹತ್ತಿರ ಹೋಗುತ್ತದೆ. ಎರಡನೆಯದರಲ್ಲಿ ನೀರಿನ ಮಾತೇ ಇಲ್ಲ. ಅಲ್ಲಿ ಮನಸ್ಸು ಪದದ ಮೇಲೆಯೇ ನಿಲ್ಲುತ್ತದೆ. ನಿಲ್ಲಿಸಿದ್ದು ‘ಎಂಬುದು’. ಎರಡಕ್ಷರ ಇರುವುದು ಹೆಸರಿಗೆ, ಹರಿಯುವುದು ಹೆಸರಿನ ಹಿಂದಿರುವ ವಸ್ತು.

ಲಿಸ್ಪ್‌ನಲ್ಲೂ ಇದೇ ನಡೆಯುತ್ತದೆ. ಸುಮ್ನೆ ಒಂದು ಹೆಸರು ಬರೆದರೆ ಲಿಸ್ಪ್ ಅದನ್ನು ದಾಟಿ ಬೆಲೆಯ ಹತ್ತಿರ ಹೋಗುತ್ತದೆ. ಹೆಸರಿನ ಮುಂದೆ ಗೆರೆ ಇಟ್ಟರೆ ಹೆಸರಿನಲ್ಲೇ ನಿಲ್ಲುತ್ತದೆ. ಹಾಗಾಗಿ 'ಉದ್ದ ಎಂದು ಕಂಡಾಗ ಮನಸ್ಸಿನಲ್ಲಿ ‘ಉದ್ದ ಎಂಬ ಹೆಸರು’ ಎಂದು ಓದಿಕೊಳ್ಳಿ. ಲಿಸ್ಪ್ ಕಲಿಯುವ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ದಾರಿ ನನಗೆ ಸಿಕ್ಕಿಲ್ಲ. ಆ ಗೆರೆ ಹೊಸ ವಿದ್ಯೆಯೇನಲ್ಲ, ನಾವು ದಿನವೂ ಬಳಸುವ ‘ಎಂಬ’ವೇ.

ಸಿಂಬಲ್ ಒಂದು ನಿಜವಾದ ವಸ್ತು

ಎಷ್ಟೋ ಭಾಷೆಗಳಲ್ಲಿ ವೇರಿಯಬಲ್‌ನ ಹೆಸರು ಪ್ರೋಗ್ರಾಮ್ ಬರೆಯುವವರ ಅನುಕೂಲಕ್ಕೆ ಮಾತ್ರ ಇರುತ್ತದೆ. ಸಿ ಭಾಷೆಯ ಪ್ರೋಗ್ರಾಮ್ ಕಂಪೈಲ್ ಆಗಿ ಓಡುವಾಗ ಅದರೊಳಗೆ ‘ಉದ್ದ’ ಎಂಬ ಹೆಸರನ್ನು ಕೈಗೆತ್ತಿಕೊಳ್ಳುವ ದಾರಿ ಆ ಭಾಷೆಯಲ್ಲಿಲ್ಲ. ಬೆಲೆ ಇರುವ ಜಾಗ ಮಾತ್ರ ಇರುತ್ತದೆ.

ಲಿಸ್ಪ್ ಹಾಗಲ್ಲ. ಇಲ್ಲಿ ಹೆಸರು ಕೂಡ ಸಂಖ್ಯೆಯಂತೆ, ಪಟ್ಟಿಯಂತೆ ಒಂದು ವಸ್ತು. ಅದನ್ನು ಪಟ್ಟಿಗೆ ಸೇರಿಸಬಹುದು, ಫಂಕ್ಷನ್‌ಗೆ ಕೊಡಬಹುದು, ಇನ್ನೊಂದರ ಜೊತೆ ಹೋಲಿಸಬಹುದು. ಈ ವಸ್ತುವಿನ ಹೆಸರೇ ಸಿಂಬಲ್.

ಫೋನಿನಲ್ಲಿ ಸೇವ್ ಮಾಡಿಟ್ಟ ಕಾಂಟ್ಯಾಕ್ಟ್ ನೆನಪಿಸಿಕೊಳ್ಳಿ. ಅದರಲ್ಲಿ ಹೆಸರು ಒಂದು ಕಡೆ, ನಂಬರ್ ಇನ್ನೊಂದು ಕಡೆ, ಇಮೇಲ್ ಮತ್ತೊಂದು ಕಡೆ. ಸಿಂಬಲ್ ಕೂಡ ಹೀಗೆ ಕೆಲವು ಖಾನೆಗಳಿರುವ ಕಾರ್ಡ್. ಕಾಮನ್ ಲಿಸ್ಪ್‌ನಲ್ಲಿ ಅದಕ್ಕೆ ಐದು ಖಾನೆಗಳಿವೆ: ಅಕ್ಷರಗಳಲ್ಲಿ ಬರೆದ ಹೆಸರು, ವೇರಿಯಬಲ್ ಆಗಿ ಅದರ ಬೆಲೆ, ಅದೇ ಹೆಸರಿನ ಫಂಕ್ಷನ್, ಬೇಕಾದ ಟಿಪ್ಪಣಿ ಬರೆದಿಟ್ಟುಕೊಳ್ಳುವ ಪ್ರಾಪರ್ಟಿ ಲಿಸ್ಟ್, ಮತ್ತು ಆ ಸಿಂಬಲ್ ಯಾವ ಪ್ಯಾಕೇಜ್‌ಗೆ, ಅಂದರೆ ಹೆಸರುಗಳ ಯಾವ ಗುಂಪಿಗೆ, ಸೇರಿದ್ದು ಎಂಬ ಗುರುತು. ಫೋನಿನಲ್ಲಿ ಒಬ್ಬರ ಹೆಸರು ಒತ್ತಿದರೆ ಅವರ ನಂಬರ್‌ಗೆ ಕರೆ ಹೋಗುತ್ತದೆ. ಕಾರ್ಡ್ ತೆರೆದರೆ ಕರೆ ಹೋಗುವುದಿಲ್ಲ, ನಂಬರ್ ತಿದ್ದಬಹುದು. ಗೆರೆ ಇಡುವುದು ಕಾರ್ಡ್ ತೆರೆದಂತೆ.

ಒಂದು ವ್ಯತ್ಯಾಸ ಇದೆ. ಫೋನಿನಲ್ಲಿ ಒಂದೇ ಹೆಸರಿನ ಎರಡು ಕಾರ್ಡ್ ಇರಬಹುದು. ಲಿಸ್ಪ್‌ನ ಒಂದು ಪ್ಯಾಕೇಜ್‌ನೊಳಗೆ ಒಂದು ಹೆಸರಿಗೆ ಒಂದೇ ಸಿಂಬಲ್. ನೀವು ನೂರು ಕಡೆ ‘ಉದ್ದ’ ಎಂದು ಬರೆದರೂ ಅದೆಲ್ಲ ಒಂದೇ ಕಾರ್ಡ್. ಸ್ಟ್ರಿಂಗ್‌ಗೂ ಸಿಂಬಲ್‌ಗೂ ಇರುವ ದೊಡ್ಡ ವ್ಯತ್ಯಾಸ ಇದೇ. "ಉದ್ದ" ಎಂದು ಜೋಡಿ ಗುರುತಿನೊಳಗೆ ಎರಡು ಸಲ ಬರೆದರೆ ಒಂದೇ ಅಕ್ಷರಗಳ ಎರಡು ಬೇರೆ ಸ್ಟ್ರಿಂಗ್ ಆಗಬಹುದು. ಅವು ಸಮವೇ ಎಂದು ನೋಡಲು ಅಕ್ಷರ ಅಕ್ಷರ ಹೋಲಿಸಬೇಕು. ಸಿಂಬಲ್‌ಗಳಾದರೆ ಎರಡೂ ಒಂದೇ ವಸ್ತುವೇ ಎಂದು ಒಂದೇ ಏಟಿಗೆ ನೋಡಿದರೆ ಸಾಕು. ‘ಈಕ್ಯೂ’ ಎಂಬ ಫಂಕ್ಷನ್ ಮಾಡುವುದು ಅದನ್ನೇ.

ಓದುವ ಭಾಗ, ಬೆಲೆ ಕಟ್ಟುವ ಭಾಗ

ನೀವು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಾಗ ಲಿಸ್ಪ್ ಒಂದೇ ಕೆಲಸ ಮಾಡಿದಂತೆ ಕಾಣುತ್ತದೆ. ನಿಜವಾಗಿ ಮೂರು ನಡೆಯುತ್ತವೆ. ಮೊದಲು ಓದುವುದು, ಆಮೇಲೆ ಬೆಲೆ ಕಟ್ಟುವುದು, ಕೊನೆಗೆ ಬಂದ ಉತ್ತರವನ್ನು ತೋರಿಸುವುದು. ಗೊಂದಲ ಹುಟ್ಟುವುದು ಮೊದಲ ಎರಡನ್ನು ಕಲಸಿಕೊಂಡಾಗ.

ಓದುವ ಭಾಗಕ್ಕೆ ರೀಡರ್ ಎನ್ನುತ್ತಾರೆ. ಅದು ಅಕ್ಷರಗಳನ್ನು ವಸ್ತುಗಳಾಗಿ ಮಾಡುತ್ತದೆ, ಅಷ್ಟೇ. 12 ಎಂದು ಕಂಡರೆ ಒಂದು ಸಂಖ್ಯೆ. ಆವರಣ ಕಂಡರೆ ಒಂದು ಪಟ್ಟಿ. ‘ಉದ್ದ’ ಎಂದು ಕಂಡರೆ ಆ ಹೆಸರಿನ ಸಿಂಬಲ್ ಮೊದಲೇ ಇದೆಯಾ ಎಂದು ಹುಡುಕುತ್ತದೆ. ಇದ್ದರೆ ಅದನ್ನೇ ತರುತ್ತದೆ, ಇಲ್ಲದಿದ್ದರೆ ಹೊಸದೊಂದನ್ನು ಮಾಡಿ ಸೇರಿಸುತ್ತದೆ. ಈ ಹುಡುಕಿ ಸೇರಿಸುವ ಕೆಲಸವೇ ‘ಇಂಟರ್ನ್’. ಉದ್ದದ ಬೆಲೆ ಎಷ್ಟು ಎಂದು ರೀಡರ್ ಕೇಳುವುದೇ ಇಲ್ಲ. ಇಂಗ್ಲಿಷ್ ಹೆಸರುಗಳಾದರೆ ಕಾಮನ್ ಲಿಸ್ಪ್‌ನ ರೀಡರ್ ಅವನ್ನು ದೊಡ್ಡಕ್ಷರಕ್ಕೆ ಬದಲಿಸಿ ಇಟ್ಟುಕೊಳ್ಳುತ್ತದೆ. ಸಣ್ಣಕ್ಷರದಲ್ಲಿ ಬರೆದದ್ದು ದೊಡ್ಡಕ್ಷರದಲ್ಲಿ ಮರಳಿ ಬರುವುದು ಅದಕ್ಕೇ. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಇಲ್ಲದ ಕಾರಣ ನಮಗೆ ಆ ತಾಪತ್ರಯವಿಲ್ಲ.

ಎರಡನೆಯದು ‘ಎವಾಲ್’, ಅಂದರೆ ಬೆಲೆ ಕಟ್ಟುವ ಭಾಗ. ರೀಡರ್ ಮಾಡಿಕೊಟ್ಟ ವಸ್ತು ಇದರ ಕೈಗೆ ಬರುತ್ತದೆ. ಇದರ ನಿಯಮಗಳು ಬಹಳ ಕಡಿಮೆ. ಸಂಖ್ಯೆ ಮತ್ತು ಸ್ಟ್ರಿಂಗ್‌ಗಳಿಗೆ ಅವೇ ಬೆಲೆ. 12ರ ಬೆಲೆ 12. ಸಿಂಬಲ್ ಬಂದರೆ ಅದು ಹೆಸರಿಸುವ ವೇರಿಯಬಲ್‌ನ ಬೆಲೆ. ಪಟ್ಟಿ ಬಂದರೆ ಮೊದಲನೆಯದನ್ನು ಕೆಲಸದ ಹೆಸರು ಎಂದುಕೊಂಡು, ಉಳಿದವುಗಳಿಗೆ ಒಂದೊಂದಾಗಿ ಬೆಲೆ ಕಟ್ಟಿ, ಆ ಬೆಲೆಗಳನ್ನು ಕೆಲಸಕ್ಕೆ ಒಪ್ಪಿಸುತ್ತದೆ.

(ಸೆಟ್‌ಕ್ಯೂ ಉದ್ದ 12)
(ಸೆಟ್‌ಕ್ಯೂ ಅಗಲ 5)
(* ಉದ್ದ ಅಗಲ)

ಕೊನೆಯ ಸಾಲಿನ ಉತ್ತರ 60. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಗುಣಾಕಾರ ಮಾಡುವ ಫಂಕ್ಷನ್‌ಗೆ ‘ಉದ್ದ’ ಎಂಬ ಪದ ತಲುಪಲೇ ಇಲ್ಲ. ಅದಕ್ಕೆ ಸಿಕ್ಕಿದ್ದು 12 ಮತ್ತು 5. ಹೆಸರುಗಳನ್ನು ಎವಾಲ್ ದಾರಿಯಲ್ಲೇ ಬೆಲೆಗೆ ಬದಲಿಸಿಬಿಟ್ಟಿತ್ತು.

ಪ್ರತಿ ಸಿಂಬಲ್‌ಗೂ ಬೆಲೆ ಇರಲೇಬೇಕು ಎಂದೇನಿಲ್ಲ. ರೀಡರ್ ಈಗಷ್ಟೇ ಮಾಡಿದ ಸಿಂಬಲ್‌ನ ಬೆಲೆಯ ಖಾನೆಯಲ್ಲಿ ಏನೂ ಇರುವುದಿಲ್ಲ. ಅಂಥದ್ದಕ್ಕೆ ಬೆಲೆ ಕಟ್ಟಲು ಹೋದರೆ ದೋಷ. ಏನೂ ಇಲ್ಲದಿರುವುದು ಬೇರೆ, ‘ನಿಲ್’ ಇರುವುದು ಬೇರೆ. ನಿಲ್ ಕೂಡ ಒಂದು ಬೆಲೆಯೇ. ಖಾನೆಯಲ್ಲಿ ಏನಾದರೂ ಇದೆಯಾ ಎಂದು ತಿಳಿಯಲು (ಬೌಂಡ್‌ಪಿ 'ಉದ್ದ) ಎಂದು ಕೇಳಬಹುದು. ಇನ್ನು ಕೆಲವು ಸಿಂಬಲ್‌ಗಳಿಗೆ ತಾವೇ ಬೆಲೆ. ನಿಲ್, ‘ಹೌದು’ ಎಂದು ಹೇಳುವ ‘ಟಿ’, ಮತ್ತು ಕೋಲನ್‌ನಿಂದ ಶುರುವಾಗುವ ಕೀವರ್ಡ್‌ಗಳು ಹಾಗೆ. ಅವಕ್ಕೆ ಗೆರೆ ಇಟ್ಟರೂ ಒಂದೇ, ಬಿಟ್ಟರೂ ಒಂದೇ.

ಗೆರೆ ಮಾಡುವ ಕೆಲಸ

ಈಗ ಆ ಪುಟ್ಟ ಗೆರೆಗೆ ಬರೋಣ. 'ಉದ್ದ ಎಂದು ಬರೆದರೆ ರೀಡರ್ ಅದನ್ನು (ಕೋಟ್ ಉದ್ದ) ಎಂಬ ಎರಡು ವಸ್ತುಗಳ ಪಟ್ಟಿಯಾಗಿ ಮಾಡುತ್ತದೆ. ಗೆರೆ ಇದರ ಚಿಕ್ಕ ರೂಪ ಮಾತ್ರ. ‘ಕೋಟ್’ ಸಾಮಾನ್ಯ ಫಂಕ್ಷನ್ ಅಲ್ಲ. ಎವಾಲ್ ಅದನ್ನು ಕಂಡ ಕೂಡಲೇ ‘ಇದರೊಳಗಿನದಕ್ಕೆ ಬೆಲೆ ಕಟ್ಟಬೇಡ, ಹಾಗೇ ಕೊಡು’ ಎಂದು ತಿಳಿಯುತ್ತದೆ.

ಉದ್ದ
ಉತ್ತರ: 12

'ಉದ್ದ
ಉತ್ತರ: ಉದ್ದ

ಎರಡನೆಯ ಉತ್ತರದಲ್ಲಿ ಗೆರೆ ಕಾಣುವುದಿಲ್ಲ. ಹೊಸಬರನ್ನು ಇದು ತುಂಬ ಕಾಡುತ್ತದೆ. ಗೆರೆ ಸಿಂಬಲ್‌ನ ಭಾಗವಲ್ಲ. ಅದು ಎವಾಲ್‌ಗೆ ಕೊಟ್ಟ ಸೂಚನೆ. ಎವಾಲ್ ಅದನ್ನು ಪಾಲಿಸಿತು, ಸೂಚನೆಯ ಕೆಲಸ ಮುಗಿಯಿತು, ಉಳಿದದ್ದು ಸಿಂಬಲ್.

ಪಟ್ಟಿಗಳಿಗೂ ಇದೇ ಮಾತು. ಗೆರೆ ಪಟ್ಟಿಯ ಮುಂದೆ ಇದ್ದರೆ ಅದರೊಳಗಿನ ಎಲ್ಲದಕ್ಕೂ ಅನ್ವಯಿಸುತ್ತದೆ.

(ಲಿಸ್ಟ್ ಉದ್ದ ಅಗಲ)
ಉತ್ತರ: (12 5)

'(ಉದ್ದ ಅಗಲ)
ಉತ್ತರ: (ಉದ್ದ ಅಗಲ)

ಮೊದಲನೆಯದು ಎರಡು ಸಂಖ್ಯೆಗಳ ಪಟ್ಟಿ, ಎರಡನೆಯದು ಎರಡು ಹೆಸರುಗಳ ಪಟ್ಟಿ. ಪಟ್ಟಿಯ ಹೊರಗೆ ಗೆರೆ ಇಟ್ಟ ಮೇಲೆ ಒಳಗೂ ಇಟ್ಟು '('ಉದ್ದ ಅಗಲ) ಎಂದು ಬರೆಯುವ ತಪ್ಪು ಸಾಮಾನ್ಯ. ಆಗ ಒಳಗಿನ ಗೆರೆಯನ್ನು ಪಾಲಿಸಲು ಎವಾಲ್ ಅಲ್ಲಿಗೆ ಹೋಗುವುದೇ ಇಲ್ಲ. ಪಟ್ಟಿಯ ಮೊದಲನೆಯ ವಸ್ತು ‘ಉದ್ದ’ ಆಗುವ ಬದಲು (ಕೋಟ್ ಉದ್ದ) ಎಂಬ ಇನ್ನೊಂದು ಪಟ್ಟಿಯಾಗಿ ಉಳಿದುಬಿಡುತ್ತದೆ.

ಕೆಲವು ಹೆಸರುಗಳಾಗಿಯೇ ಉಳಿಯಲಿ, ಕೆಲವಕ್ಕೆ ಬೆಲೆ ಬರಲಿ ಅನ್ನಿಸಿದರೆ ಹಿಂಬದಿಗೆ ವಾಲಿದ ಗೆರೆ ಬಳಸುತ್ತಾರೆ. ಅದಕ್ಕೆ ಬ್ಯಾಕ್‌ಕೋಟ್ ಎಂದು ಹೆಸರು. ಬೆಲೆ ಬೇಕಾದ ಕಡೆ ಅಲ್ಪವಿರಾಮ ಇಡಬೇಕು. `(ಉದ್ದ ,ಅಗಲ) ಎಂದರೆ ಉತ್ತರ (ಉದ್ದ 5).

ಸೆಟ್ ಮತ್ತು ಸೆಟ್‌ಕ್ಯೂ

ಮೇಲೆ (ಸೆಟ್‌ಕ್ಯೂ ಉದ್ದ 12) ಎಂದು ಬರೆದಾಗ ಉದ್ದದ ಮುಂದೆ ಗೆರೆ ಇರಲಿಲ್ಲ. ಹಾಗಿದ್ದರೆ ಎವಾಲ್ ಅದಕ್ಕೆ ಬೆಲೆ ಕಟ್ಟಬೇಕಿತ್ತಲ್ವಾ? ಬೆಲೆ ಇನ್ನೂ ಇಲ್ಲದ್ದಕ್ಕೆ ಬೆಲೆ ಕಟ್ಟಲು ಹೋಗಿ ದೋಷ ಬರಬೇಕಿತ್ತು.

ಉತ್ತರ ಹೆಸರಿನಲ್ಲೇ ಇದೆ. ಸೆಟ್‌ಕ್ಯೂ ಎಂಬುದರ ಕೊನೆಯ ‘ಕ್ಯೂ’ ಕೋಟ್‌ನ ಮೊದಲ ಅಕ್ಷರ. ಸೆಟ್ ಮತ್ತು ಕೋಟ್ ಸೇರಿ ಸೆಟ್‌ಕ್ಯೂ. ಮೂಲದಲ್ಲಿರುವ ಫಂಕ್ಷನ್ ‘ಸೆಟ್’. ಅದು ಸಾಮಾನ್ಯ ಫಂಕ್ಷನ್, ಹಾಗಾಗಿ ತನಗೆ ಕೊಟ್ಟ ಎರಡಕ್ಕೂ ಬೆಲೆ ಕಟ್ಟಿಸಿಕೊಳ್ಳುತ್ತದೆ. ಅದನ್ನು ಬಳಸುವಾಗ (ಸೆಟ್ 'ಉದ್ದ 12) ಎಂದು ಗೆರೆ ನಾವೇ ಇಡಬೇಕು. ಪ್ರತಿ ಸಲ ಗೆರೆ ಇಡುವ ಶ್ರಮ ತಪ್ಪಿಸಲು ಸೆಟ್‌ಕ್ಯೂ ಬಂತು. ಮೊದಲನೆಯದಕ್ಕೆ ಅದು ತಾನೇ ಗೆರೆ ಇಟ್ಟುಕೊಂಡಂತೆ ನಡೆದುಕೊಳ್ಳುತ್ತದೆ.

ಎರಡರ ವ್ಯತ್ಯಾಸ ಕಣ್ಣಿಗೆ ಕಟ್ಟುವುದು ಹೀಗೆ ಮಾಡಿದಾಗ:

(ಸೆಟ್‌ಕ್ಯೂ ಯಾವುದು 'ಉದ್ದ)
(ಸೆಟ್ ಯಾವುದು 40)

ಮೊದಲ ಸಾಲಿನಲ್ಲಿ ‘ಯಾವುದು’ ಎಂಬ ವೇರಿಯಬಲ್‌ಗೆ ಸಿಕ್ಕ ಬೆಲೆ ಒಂದು ಸಿಂಬಲ್. ಹೌದು, ಸಿಂಬಲ್ ಕೂಡ ಇನ್ನೊಂದರ ಬೆಲೆ ಆಗಬಹುದು. ಎರಡನೆಯ ಸಾಲಿನಲ್ಲಿ ‘ಯಾವುದು’ ಎಂಬುದರ ಮುಂದೆ ಗೆರೆ ಇಲ್ಲ. ಎವಾಲ್ ಅದಕ್ಕೆ ಬೆಲೆ ಕಟ್ಟಿ ‘ಉದ್ದ’ ಎಂಬ ಸಿಂಬಲ್ ತರುತ್ತದೆ. ಸೆಟ್ ಆ ಸಿಂಬಲ್‌ನ ಖಾನೆಯಲ್ಲಿ 40 ಇಡುತ್ತದೆ. ಈಗ ಉದ್ದದ ಬೆಲೆ 40. ‘ಯಾವುದು’ ಮಾತ್ರ ಬದಲಾಗಿಲ್ಲ, ಅದರ ಬೆಲೆ ಈಗಲೂ ‘ಉದ್ದ’ ಎಂಬ ಸಿಂಬಲ್. ಎರಡನೆಯ ಸಾಲಿನಲ್ಲಿ ಸೆಟ್ ಬದಲು ಸೆಟ್‌ಕ್ಯೂ ಬರೆದಿದ್ದರೆ ‘ಯಾವುದು’ ತಾನೇ 40 ಆಗುತ್ತಿತ್ತು, ಉದ್ದ 12 ಆಗಿಯೇ ಇರುತ್ತಿತ್ತು. ಈ ಎರಡು ಸಾಲನ್ನು ಒಮ್ಮೆ ಕೈಯಾರೆ ಟೈಪ್ ಮಾಡಿ ನೋಡಿ. ಓದಿ ತಿಳಿಯುವುದಕ್ಕಿಂತ ಜಾಸ್ತಿ ತಿಳಿಯುತ್ತದೆ.

ಬೆಲೆಗೆ ತನ್ನ ಹೆಸರು ಗೊತ್ತಿಲ್ಲ

ಹೆಸರಿನಿಂದ ಬೆಲೆಗೆ ದಾರಿ ಇದೆ. ಬೆಲೆಯಿಂದ ಹೆಸರಿಗೆ ದಾರಿ ಇಲ್ಲ. 40 ಎಂಬ ಸಂಖ್ಯೆಯನ್ನು ಹಿಡಿದು ‘ನೀನು ಯಾರ ಬೆಲೆ?’ ಎಂದು ಕೇಳಿದರೆ ಅದಕ್ಕೆ ಉತ್ತರ ಗೊತ್ತಿರುವುದಿಲ್ಲ. ಅದು ಹತ್ತು ಹೆಸರುಗಳ ಬೆಲೆ ಆಗಿರಬಹುದು, ಒಂದರದ್ದೂ ಆಗಿಲ್ಲದಿರಬಹುದು.

(ಡಿಫನ್ ದುಪ್ಪಟ್ಟು (ಸಂಖ್ಯೆ)
  (ಸೆಟ್‌ಕ್ಯೂ ಸಂಖ್ಯೆ (* 2 ಸಂಖ್ಯೆ)))

(ದುಪ್ಪಟ್ಟು ಉದ್ದ)

ಉತ್ತರ 80. ಆದರೆ ಆಮೇಲೆ ‘ಉದ್ದ’ ಎಂದು ಕೇಳಿದರೆ 40 ಎಂದೇ ಬರುತ್ತದೆ. ಫಂಕ್ಷನ್‌ಗೆ ತಲುಪಿದ್ದು 40 ಮಾತ್ರ. ಅದು ‘ಸಂಖ್ಯೆ’ ಎಂಬ ತನ್ನದೇ ವೇರಿಯಬಲ್‌ನಲ್ಲಿ ಅದನ್ನು ಇಟ್ಟುಕೊಂಡು, ಅದನ್ನೇ ಬದಲಿಸಿತು. ಹೊರಗಿರುವ ಉದ್ದದ ಸುಳಿವೂ ಅದಕ್ಕಿರಲಿಲ್ಲ. ಹೆಸರನ್ನೇ ಬದಲಿಸಬೇಕಾದ ಫಂಕ್ಷನ್‌ಗೆ ಹೆಸರನ್ನೇ ಕೊಡಬೇಕು, ಗೆರೆ ಇಟ್ಟು.

ಪಟ್ಟಿಗಳಲ್ಲಿ ಒಂದು ಎಚ್ಚರ ಬೇಕು.

(ಸೆಟ್‌ಕ್ಯೂ ಮೊದಲು (ಲಿಸ್ಟ್ 1 2 3))
(ಸೆಟ್‌ಕ್ಯೂ ನಂತರ ಮೊದಲು)

ಎರಡೂ ಹೆಸರುಗಳ ಬೆಲೆ ಈಗ ಒಂದೇ ಪಟ್ಟಿ. ಪಟ್ಟಿ ನಕಲಾಗಿಲ್ಲ. (ಸೆಟ್‌ಎಫ್ (ಕಾರ್ ಮೊದಲು) 99) ಎಂದು ಪಟ್ಟಿಯ ಒಳಗನ್ನೇ (‘ಕಾರ್’ ಅಂದರೆ ಪಟ್ಟಿಯ ಮೊದಲನೆಯ ವಸ್ತು) ತಿದ್ದಿದರೆ ‘ನಂತರ’ ಎಂದು ಕೇಳಿದಾಗಲೂ (99 2 3) ಬರುತ್ತದೆ. ಅದರ ಬದಲು (ಸೆಟ್‌ಕ್ಯೂ ಮೊದಲು 7) ಎಂದರೆ ‘ಮೊದಲು’ ಬೇರೆ ಬೆಲೆಗೆ ಹೋಯಿತು ಅಷ್ಟೇ, ‘ನಂತರ’ ಹಳೆಯ ಪಟ್ಟಿಯನ್ನೇ ಹಿಡಿದಿರುತ್ತದೆ. ಬೆಲೆಯಾಗಿರುವ ವಸ್ತುವನ್ನು ತಿದ್ದುವುದು ಬೇರೆ, ಹೆಸರಿಗೆ ಹೊಸ ಬೆಲೆ ಕೊಡುವುದು ಬೇರೆ.

ಹೆಸರನ್ನೇ ಹಿಡಿಯುವ ಅಗತ್ಯ ಯಾಕೆ ಬಂತು?

ಇಷ್ಟೆಲ್ಲ ತೊಡಕು ಯಾಕೆ, ಬೆಲೆಗಳಷ್ಟೇ ಸಾಲದೇ ಎಂದು ಕೇಳಬಹುದು. ಲಿಸ್ಪ್ ಹುಟ್ಟಿದ ಕಾಲಕ್ಕೆ ಹೋದರೆ ಕಾರಣ ಗೊತ್ತಾಗುತ್ತದೆ. 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ ಈ ಭಾಷೆಯ ಕೆಲಸ ಶುರುಮಾಡಿದರು. ಆಗಿನ ಕಂಪ್ಯೂಟರ್‌ಗಳು ಮುಖ್ಯವಾಗಿ ಸಂಖ್ಯೆಗಳನ್ನು ಕೂಡಿ ಗುಣಿಸುವ ಯಂತ್ರಗಳು. ಸಂಖ್ಯೆಗಳಲ್ಲದ ಸಂಗತಿಗಳ ಮೇಲೂ ಯಂತ್ರ ವಿಚಾರ ಮಾಡಬೇಕು ಎಂಬುದು ಅವರ ಹಂಬಲ. 1960ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಲೆಬರಹದಲ್ಲೇ ಸಿಂಬಲ್‌ಗಳ ಮಾತಿದೆ.

ಅವರ ಮನಸ್ಸಿನಲ್ಲಿದ್ದ ಉದಾಹರಣೆಗಳಲ್ಲಿ ಒಂದು ಡಿಫರೆನ್ಷಿಯೇಷನ್, ಪಿಯುಸಿ ಗಣಿತದಲ್ಲಿ ಬರುವ ಅವಕಲನ. ಎಕ್ಸ್ ವರ್ಗದ ಅವಕಲನ ಏನು ಎಂದರೆ 2 ಎಕ್ಸ್ ಎನ್ನುತ್ತೇವೆ. ಎಕ್ಸ್‌ನ ಬೆಲೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಬೆಲೆ ಬಂದರೆ ಲೆಕ್ಕವೇ ಕೆಡುತ್ತದೆ. ಎಕ್ಸ್ 3 ಎಂದುಕೊಂಡು ಮೊದಲೇ 9 ಮಾಡಿಬಿಟ್ಟರೆ ಅವಕಲನ ಮಾಡಲು ಏನು ಉಳಿಯಿತು? ಬರೀ ಒಂದು ಸಂಖ್ಯೆ. ಈ ಕೆಲಸಕ್ಕೆ ಎಕ್ಸ್ ಎಂಬ ಹೆಸರು ಹೆಸರಾಗಿಯೇ ಉಳಿಯಬೇಕು.

'(* ಎಕ್ಸ್ ಎಕ್ಸ್)

ಇದು ಮೂರು ಸಿಂಬಲ್‌ಗಳ ಪಟ್ಟಿ. ಗುಣಾಕಾರದ ಚಿಹ್ನೆಯೂ ಒಂದು ಸಿಂಬಲ್ಲೇ. ಎಕ್ಸ್‌ಗೆ ಬೆಲೆ ಇರಲಿ, ಇಲ್ಲದಿರಲಿ, ಈ ಪಟ್ಟಿಗೆ ಏನೂ ಆಗುವುದಿಲ್ಲ. ಒಂದು ಫಂಕ್ಷನ್ ಇದನ್ನು ತೆಗೆದುಕೊಂಡು (+ ಎಕ್ಸ್ ಎಕ್ಸ್) ಎಂಬ ಇನ್ನೊಂದು ಪಟ್ಟಿ ಮರಳಿಸಬಹುದು. ಇದು ಲಿಸ್ಪ್ ಪ್ರೋಗ್ರಾಮ್‌ನಂತೆಯೇ ಕಾಣುತ್ತದೆ ಎಂಬುದನ್ನೂ ನೋಡಿ. ಪ್ರೋಗ್ರಾಮ್ ಕೂಡ ಸಿಂಬಲ್‌ಗಳ ಪಟ್ಟಿಯೇ. ಮೆಕಾರ್ಥಿ ಎವಾಲ್ ಅನ್ನು ಕಾಗದದ ಮೇಲೆ ಬರೆದಿದ್ದರು. ಅವರ ಜೊತೆಗಿದ್ದ ಸ್ಟೀವ್ ರಸೆಲ್ ಅದನ್ನೇ ಐಬಿಎಂ 704 ಯಂತ್ರದ ಭಾಷೆಗೆ ಇಳಿಸಿದರು. ಓಡುವ ಲಿಸ್ಪ್ ಸಿಕ್ಕಿದ್ದು ಹಾಗೆ.

ಒಂದೇ ಹೆಸರು, ಎರಡು ಖಾನೆ

ಶುರುವಿನ ಒಗಟು ಇನ್ನೂ ಬಾಕಿ ಇದೆ. ‘ನನ್ನ-ಸೆಟ್ಟಿಂಗ್’ ಬರೆದಿದ್ದರೂ ಬೆಲೆ ಇಲ್ಲ ಎಂದು ಈಮ್ಯಾಕ್ಸ್ ಯಾಕೆ ಹೇಳಿತು?

ಡಿಫನ್ ಮಾಡಿದ ಫಂಕ್ಷನ್ ಹೋಗಿ ಕೂರುವುದು ಫಂಕ್ಷನ್‌ನ ಖಾನೆಯಲ್ಲಿ. ಬೆಲೆಯ ಖಾನೆಯನ್ನು ಯಾರೂ ಮುಟ್ಟಿಲ್ಲ, ಅದು ಖಾಲಿಯೇ. ಎವಾಲ್ ಯಾವ ಖಾನೆ ನೋಡಬೇಕು ಎಂಬುದು ಸಿಂಬಲ್ ನಿಂತ ಜಾಗದ ಮೇಲೆ ಹೋಗುತ್ತದೆ. ಆವರಣದ ಮೊದಲ ಜಾಗದಲ್ಲಿದ್ದರೆ ಫಂಕ್ಷನ್‌ನ ಖಾನೆ. ಬೇರೆ ಜಾಗದಲ್ಲಿದ್ದರೆ ಬೆಲೆಯ ಖಾನೆ. ಆಡ್-ಹುಕ್ ಸಾಲಿನಲ್ಲಿ ‘ನನ್ನ-ಸೆಟ್ಟಿಂಗ್’ ಇದ್ದದ್ದು ಕೊನೆಯ ಜಾಗದಲ್ಲಿ. ಎವಾಲ್ ಬೆಲೆಯ ಖಾನೆ ನೋಡಿತು, ಏನೂ ಸಿಗಲಿಲ್ಲ. ಅದು ಹೇಳಿದ್ದು ಅಕ್ಷರಶಃ ನಿಜ.

ಹೀಗೆ ಎರಡು ಖಾನೆ ಇರುವುದರಿಂದ ಒಂದೇ ಹೆಸರನ್ನು ಎರಡು ಕೆಲಸಕ್ಕೆ ಬಳಸಬಹುದು. ‘ಲಿಸ್ಟ್’ ಎಂಬ ವೇರಿಯಬಲ್ ಇಟ್ಟುಕೊಂಡು (ಲಿಸ್ಟ್ ಲಿಸ್ಟ್) ಎಂದು ಬರೆದರೂ ಗೊಂದಲವಿಲ್ಲ. ಮೊದಲನೆಯದು ಫಂಕ್ಷನ್, ಎರಡನೆಯದು ವೇರಿಯಬಲ್. ಮೊದಲ ಜಾಗದಲ್ಲಿ ಇಲ್ಲದಿದ್ದರೂ ಫಂಕ್ಷನ್‌ನ ಖಾನೆಯೇ ಬೇಕು ಎಂದಾದರೆ ಗೆರೆಗೂ ಮೊದಲು ಹ್ಯಾಶ್ ಸೇರಿಸಿ #'ನನ್ನ-ಸೆಟ್ಟಿಂಗ್ ಎಂದು ಬರೆಯುತ್ತಾರೆ.

ಕಾಮನ್ ಲಿಸ್ಪ್‌ನಲ್ಲಿ ಬರೀ ಗೆರೆ ಮತ್ತು ಹ್ಯಾಶ್ ಗೆರೆ ನಡುವೆ ಒಂದು ವ್ಯತ್ಯಾಸ ಇದೆ. ಬರೀ ಗೆರೆ ಇಟ್ಟು ಕೊಟ್ಟದ್ದು ಹೆಸರು. ಅದನ್ನು ಕರೆಯುವ ಪ್ರತಿ ಸಲವೂ ಫಂಕ್ಷನ್‌ನ ಖಾನೆ ನೋಡಲಾಗುತ್ತದೆ. ನಡುವೆ ನೀವು ಆ ಫಂಕ್ಷನ್ ಅನ್ನು ತಿದ್ದಿ ಬರೆದರೆ ಹೊಸದೇ ಓಡುತ್ತದೆ. ಹ್ಯಾಶ್ ಗೆರೆ ಕೊಟ್ಟದ್ದು ಆ ಕ್ಷಣ ಖಾನೆಯಲ್ಲಿದ್ದ ಫಂಕ್ಷನ್. ಅದನ್ನು ಎಲ್ಲಾದರೂ ಎತ್ತಿಟ್ಟುಕೊಂಡಿದ್ದರೆ, ನೀವು ಆಮೇಲೆ ತಿದ್ದಿದರೂ ಅಲ್ಲಿ ಹಳೆಯದೇ ಓಡುತ್ತಿರುತ್ತದೆ. ತಿದ್ದಿದ್ದು ಯಾಕೆ ನಾಟುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವಾಗ ಇದನ್ನು ಮೊದಲು ನೋಡಿ.

ಎಲ್ಲ ಲಿಸ್ಪ್‌ಗಳೂ ಹೀಗಿಲ್ಲ. ಜೆರಾಲ್ಡ್ ಸಸ್ಮನ್ ಮತ್ತು ಗೈ ಸ್ಟೀಲ್ 1975ರಲ್ಲಿ ಎಂಐಟಿಯಲ್ಲಿ ರೂಪಿಸಿದ ಸ್ಕೀಮ್‌ನಲ್ಲಿ ಫಂಕ್ಷನ್ ಕೂಡ ಉಳಿದ ಬೆಲೆಗಳಂತೆ ಒಂದು ಬೆಲೆ. ಅಲ್ಲಿ ಬರೀ ಹೆಸರು ಕೊಟ್ಟರೆ ಫಂಕ್ಷನ್ ಸಿಗುತ್ತದೆ. 2007ರಲ್ಲಿ ರಿಚ್ ಹಿಕ್ಕಿ ಹೊರತಂದ ಕ್ಲೋಜರ್ ಇನ್ನೂ ಮುಂದೆ ಹೋಗಿ ಸಿಂಬಲ್‌ನಿಂದ ಬೆಲೆಯ ಖಾನೆಯನ್ನೇ ತೆಗೆದುಹಾಕಿತು. ಅಲ್ಲಿ ಸಿಂಬಲ್ ಬರೀ ಹೆಸರು. ಬೆಲೆ ಇರುವುದು ‘ವಾರ್’ ಎಂಬ ಇನ್ನೊಂದು ವಸ್ತುವಿನಲ್ಲಿ. ಈ ಭಾಷೆಗಳಿಂದ ಕಾಮನ್ ಲಿಸ್ಪ್‌ಗೋ ಈಮ್ಯಾಕ್ಸ್‌ಗೋ ಬಂದವರು ಎಡವುವುದು ಇಲ್ಲೇ.

ಒಳಗಿನ ವೇರಿಯಬಲ್‌ಗಳ ಲೆಕ್ಕ ಬೇರೆ

ಸಿಂಬಲ್‌ನ ಖಾನೆಯಲ್ಲಿ ಬೆಲೆ ಇರುತ್ತದೆ ಎಂದು ಇಲ್ಲಿಯವರೆಗೆ ಹೇಳಿದ್ದು ಹೊರಗಿನ, ಎಲ್ಲರಿಗೂ ಕಾಣುವ ವೇರಿಯಬಲ್‌ಗಳ ಮಾತು. ಫಂಕ್ಷನ್‌ನ ಒಳಗೋ ‘ಲೆಟ್’ ಒಳಗೋ ಮಾಡಿಕೊಂಡ ವೇರಿಯಬಲ್‌ಗಳು ಸಾಮಾನ್ಯವಾಗಿ ಸಿಂಬಲ್‌ನ ಖಾನೆಯನ್ನು ಮುಟ್ಟುವುದೇ ಇಲ್ಲ.

(ಲೆಟ್ ((ಉದ್ದ 99))
  (ಲಿಸ್ಟ್ ಉದ್ದ (ಸಿಂಬಲ್-ವ್ಯಾಲ್ಯೂ 'ಉದ್ದ)))
ಉತ್ತರ: (99 40)

ಸಿಂಬಲ್-ವ್ಯಾಲ್ಯೂ ಎಂಬ ಫಂಕ್ಷನ್ ಕಾರ್ಡ್ ತೆರೆದು ಬೆಲೆಯ ಖಾನೆ ನೋಡುತ್ತದೆ. ಅಲ್ಲಿ ಈಗಲೂ 40 ಇದೆ. 99 ಇರುವುದು ಲೆಟ್‌ನ ಆವರಣದೊಳಗೆ ಮಾತ್ರ. ಇಂಥದ್ದಕ್ಕೆ ಲೆಕ್ಸಿಕಲ್ ವೇರಿಯಬಲ್ ಎನ್ನುತ್ತಾರೆ. ಕಂಪೈಲ್ ಆದ ಮೇಲೆ ಅದಕ್ಕೆ ಹೆಸರಿನ ಅಗತ್ಯವೇ ಇರುವುದಿಲ್ಲ, ಯಂತ್ರದೊಳಗಿನ ಒಂದು ಜಾಗವಾಗಿ ಉಳಿಯುತ್ತದೆ. ಮೊದಲೇ ‘ಡಿಫ್‌ವಾರ್’ ಬಳಸಿ ಉದ್ದವನ್ನು ಘೋಷಿಸಿದ್ದರೆ ಮಾತ್ರ ಕಥೆ ಬೇರೆ. ಆಗ ಲೆಟ್ ಒಳಗೆ ಇರುವಷ್ಟು ಹೊತ್ತು ಸಿಂಬಲ್‌ನ ಬೆಲೆಯೇ 99 ಆಗಿ, ಹೊರಬಂದಾಗ 40ಕ್ಕೆ ಮರಳುತ್ತದೆ. ಈಮ್ಯಾಕ್ಸ್‌ನಲ್ಲಿ ಲೆಕ್ಸಿಕಲ್ ವಿಧಾನ ಬಂದದ್ದು 2012ರ 24.1ನೇ ಆವೃತ್ತಿಯಲ್ಲಿ. ಅದಕ್ಕೂ ಹಿಂದೆ ಬರೆದ ಪಾಠ ಓದುತ್ತಿದ್ದರೆ ಅದರಲ್ಲಿ ಹೇಳಿದ್ದಕ್ಕೂ ನಿಮ್ಮ ಪರದೆಯಲ್ಲಿ ಬಂದದ್ದಕ್ಕೂ ತಾಳೆಯಾಗದೆ ಇರಬಹುದು.

ಗೆರೆ ಎಲ್ಲಿ ಬೇಕು, ಎಲ್ಲಿ ಬೇಡ?

ಈಮ್ಯಾಕ್ಸ್‌ನ ಈ ಎರಡು ಸಾಲು ಒಂದೇ ರೀತಿಯ ಕೆಲಸಕ್ಕೆ ಬರೆಯುವಂಥವು. ಎರಡೂ ಒಂದು ಪಟ್ಟಿಗೆ ಹೊಸದೊಂದನ್ನು ಸೇರಿಸುತ್ತವೆ.

(ಆಡ್-ಟು-ಲಿಸ್ಟ್ 'ಲೋಡ್-ಪಾತ್ "~/ಲಿಸ್ಪ್")
(ಪುಶ್ "~/ಲಿಸ್ಪ್" ಲೋಡ್-ಪಾತ್)

ಮೊದಲನೆಯದಕ್ಕೆ ಗೆರೆ ಇದೆ, ಎರಡನೆಯದಕ್ಕೆ ಇಲ್ಲ. ಆಡ್-ಟು-ಲಿಸ್ಟ್ ಒಂದು ಫಂಕ್ಷನ್. ಅದಕ್ಕೆ ಕೊಟ್ಟದ್ದೆಲ್ಲ ಎವಾಲ್ ಮೂಲಕವೇ ಹಾದುಹೋಗುತ್ತದೆ. ಗೆರೆ ಬಿಟ್ಟರೆ ಅದಕ್ಕೆ ಲೋಡ್-ಪಾತ್ ಎಂಬ ಹೆಸರಿನ ಬದಲು ಅದರೊಳಗಿನ ಪಟ್ಟಿ ಸಿಗುತ್ತದೆ. ಅದು ಹೆಸರನ್ನು ನಿರೀಕ್ಷಿಸುವುದರಿಂದ ‘ಇದು ಸಿಂಬಲ್ ಅಲ್ಲ’ ಎಂದು ದೋಷ ತೋರಿಸುತ್ತದೆ. ಪುಶ್ ಎಂಬುದು ಮ್ಯಾಕ್ರೋ. ಮ್ಯಾಕ್ರೋಗೆ ನೀವು ಬರೆದದ್ದು ಬೆಲೆ ಕಟ್ಟುವ ಮೊದಲೇ, ಇದ್ದ ಹಾಗೇ ಸಿಗುತ್ತದೆ. ‘ಲೋಡ್-ಪಾತ್’ ಎಂಬ ಸಿಂಬಲ್ ಅದರ ಕೈಗೆ ಸಿಂಬಲ್ ಆಗಿಯೇ ಬರುತ್ತದೆ. ಅದನ್ನಿಟ್ಟುಕೊಂಡು ಪುಶ್ ಹೊಸ ಸಾಲೊಂದನ್ನು ಬರೆಯುತ್ತದೆ, ಸುಮಾರು ಹೀಗೆ (‘ಕಾನ್ಸ್’ ಅಂದರೆ ಪಟ್ಟಿಯ ಮೊದಲಿಗೆ ಒಂದನ್ನು ಸೇರಿಸುವ ಫಂಕ್ಷನ್):

(ಸೆಟ್‌ಕ್ಯೂ ಲೋಡ್-ಪಾತ್ (ಕಾನ್ಸ್ "~/ಲಿಸ್ಪ್" ಲೋಡ್-ಪಾತ್))

ಎವಾಲ್ ಆಮೇಲೆ ಬೆಲೆ ಕಟ್ಟುವುದು ಈ ಹೊಸ ಸಾಲಿಗೆ. ಇದರಲ್ಲಿ ಲೋಡ್-ಪಾತ್ ಎರಡು ಸಲ ಬಂದಿದೆ. ಸೆಟ್‌ಕ್ಯೂ ಪಕ್ಕದಲ್ಲಿರುವುದು ಹೆಸರು. ಕಾನ್ಸ್‌ನ ಕೊನೆಯಲ್ಲಿರುವುದು ಬೆಲೆ.